ಸೀಮೆ ಕಂದಾಚಾರ, ಮಣ್ಣುಕೋಟೆ, ಅಮೃತಮಹಲ್: ಓದುಗರ ಪ್ರಶ್ನೆಗಳಿಗೆ ಉತ್ತರ

ಹಳೇ ಮೈಸೂರಿನ ಗಡಿ ಕಾವಲು, ಅದನ್ನು ನೋಡಿಕೊಳ್ಳುತ್ತಿದ್ದ ಇಲಾಖೆಗಳು, ಊರೂರಿನ ಠಾಣ್ಯಗಳ (ಪಡೆ ಇರುತ್ತಿದ್ದ ಕಾವಲು ನೆಲೆಗಳ) ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಗೋಡೆ, ಬಾಗಿಲು, ಫಿರಂಗಿಗಳ ಕುರಿತು. ನಮ್ಮ ಉತ್ತರಗಳು ಮಾತ್ರ ಸುತ್ತಿ ಬಳಸಿ ನೀರು, ರಾಗಿ, ಎತ್ತು, ಸಂಬಳ ಈ ನಾಲ್ಕಕ್ಕೇ ಬಂದು ನಿಲ್ಲುತ್ತವೆ. ಗಡಿ ಠಾಣ್ಯಗಳು ಉಳಿದದ್ದೂ ಇವುಗಳಿಂದ, ಬಿದ್ದದ್ದೂ ಇವುಗಳಿಂದ. ಫಿರಂಗಿಯ ಪಾತ್ರ ಬರುವುದು ಆಮೇಲೆ.

ಪ್ರಶ್ನೆ: ನಮ್ಮ ಮನೆಯ ಹಳೇ ಕಡತವೊಂದರಲ್ಲಿ ಪೂರ್ವಿಕರನ್ನು ‘ಕಂದಾಚಾರದ ಗುರಿಕಾರ’ ಎಂದು ಬರೆದಿದೆ. ಇದು ಸೈನ್ಯದ ಹುದ್ದೆಯೋ, ಪೊಲೀಸ್ ಹುದ್ದೆಯೋ? (ನಾಗಮಂಗಲ)

ಉತ್ತರ: ಎರಡೂ ಹೌದು. ಅದರ ಜೊತೆಗೆ ಕಂದಾಯದ ಕೆಲಸವೂ ಇತ್ತು. ಇಲ್ಲಿ ಕಂದಾಚಾರ ಎಂದರೆ ಇಂದಿನ ‘ಮೂಢ ಆಚಾರ’ದ ಅರ್ಥ ಅಲ್ಲ, ಸೀಮೆ ಕಾಯುವ ಆಳುಗಳ ಪಡೆ. ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1673–1704) ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ, ಅಂದರೆ ಇಲಾಖೆಗಳಾಗಿ, ವಿಂಗಡಿಸಿದರು. ಅದನ್ನೇ ಅಠಾರಾ ಕಚೇರಿ ಎನ್ನುವುದು. ಅದರಲ್ಲಿ ದಂಡಿನ ಲೆಕ್ಕಕ್ಕೆ ಎರಡು ಚಾವಡಿಗಳಿದ್ದವು. ‘ಬಾಗಿಲ ಕಂದಾಚಾರ’ದ ಚಾವಡಿ ರಾಜಧಾನಿಯಲ್ಲಿ, ಅರಮನೆ ಬಾಗಿಲಲ್ಲಿ ಇರುವ ಪಡೆಯ ಲೆಕ್ಕ ನೋಡುತ್ತಿತ್ತು. ‘ಸೀಮೆ ಕಂದಾಚಾರ’ದ ಚಾವಡಿ ಹೊರಗಿನ ಸೀಮೆಗಳ, ಅಂದರೆ ಗಡಿ ಮತ್ತು ಒಳನಾಡಿನ ಠಾಣ್ಯಗಳ ಪಡೆಯ ಲೆಕ್ಕ ನೋಡುತ್ತಿತ್ತು. ನಿಮ್ಮ ಪೂರ್ವಿಕರ ಹೆಸರು ನಾಗಮಂಗಲದ ಮನೆಯ ಕಡತದಲ್ಲಿ ಇರುವುದರಿಂದ ಅವರು ಈ ಎರಡನೆಯ ಲೆಕ್ಕಕ್ಕೆ ಸೇರಿದವರಿರಬೇಕು. ಗುರಿಕಾರ ಎಂದರೆ ಕಂದಾಚಾರದ ಒಂದು ಗುಂಪಿನ ಆಳುಗಳ ಮೇಲಿನವನು.

ಟಿಪ್ಪು ಸುಲ್ತಾನರ ಕಾಲದಲ್ಲಿ ಕಚೇರಿಗಳ ಹೆಸರು ಪಾರ್ಸಿಗೆ ತಿರುಗಿತು. ಕೋಟೆ, ಮದ್ದುಗುಂಡು, ಉಗ್ರಾಣಗಳ ಹೊಣೆ ಮೀರ್ ಸದರ್ ಕಚೇರಿಗೆ ಹೋಯಿತು. 1799ರ ನಂತರ ದಿವಾನ್ ಪೂರ್ಣಯ್ಯನವರು ಕಂದಾಚಾರವನ್ನು ಮತ್ತೆ ಕಟ್ಟಿದರು, ಆಳುಗಳ ಸಂಖ್ಯೆ ಸುಮಾರು 20 ಸಾವಿರಕ್ಕೆ ಮುಟ್ಟಿತು. ಅದಕ್ಕೊಂದು ಕಾರಣ ಇತ್ತು. ಟಿಪ್ಪುವಿನ ಸೈನ್ಯ ಚದುರಿದಾಗ ಸಾವಿರಾರು ಮಂದಿ ಕೈಯಲ್ಲಿ ಕತ್ತಿ, ಕೋವಿ ಹಿಡಿದುಕೊಂಡು ಸಂಬಳವಿಲ್ಲದೆ ಊರಿಗೆ ಮರಳಿದ್ದರು. ಧೊಂಡಿಯ ವಾಘನಂಥವರ ಹಿಂದೆ ಹೋಗಲು ಅವರಿಗೆ ಬೇರೆ ಕಾರಣವೇ ಬೇಕಿರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಿದ್ದ ಆ ಮನುಷ್ಯ 1800ರ ಸೆಪ್ಟೆಂಬರ್ 10ರಂದು ಯುದ್ಧದಲ್ಲಿ ಸಾಯುವವರೆಗೂ ಉತ್ತರದ ಸೀಮೆಗಳನ್ನು ಅಲ್ಲಾಡಿಸಿದ. ಊರಲ್ಲೇ ಕೆಲಸ, ಊರಲ್ಲೇ ಸಂಬಳ ಎಂದು ಪೂರ್ಣಯ್ಯನವರು ಈ ಜನರನ್ನು ಕಂದಾಚಾರಕ್ಕೆ ಬರೆಸಿಕೊಂಡದ್ದು ಬಹಳ ಜಾಣ ಕ್ರಮ ಎಂದೇ ನಾವು ತಿಳಿಯುತ್ತೇವೆ.

ಸಂಬಳದ ಒಂದು ಪಾಲು ನಗದು, ಇನ್ನೊಂದು ಪಾಲು ಜಮೀನು. ಕೆಲಸ ಇಷ್ಟು: ಕೋಟೆಬಾಗಿಲು ಕಾಯುವುದು, ತಾಲ್ಲೂಕಿನ ಖಜಾನೆ ಹಣಕ್ಕೆ ಬೆಂಗಾವಲು ಹೋಗುವುದು, ಕಳ್ಳರನ್ನು ಅಟ್ಟುವುದು, ಬೆಟ್ಟದ ದುರ್ಗಗಳಲ್ಲಿ ಸರದಿ ಇರುವುದು, ಅಮಿಲ್ದಾರರ (ತಾಲ್ಲೂಕು ಅಧಿಕಾರಿಯ) ಕಚೇರಿಯ ಓಡಾಟ. ಈ ಪದ್ಧತಿಯ ಬಲ ಏನೆಂದರೆ ಆಳಿಗೆ ಊರಿನ ಹಾದಿ, ಹಳ್ಳ, ಮನುಷ್ಯರು ಎಲ್ಲ ಗೊತ್ತು. ದೌರ್ಬಲ್ಯವೂ ಅಲ್ಲೇ ಇತ್ತು. ಬಿತ್ತನೆ, ಕೊಯ್ಲಿನ ಕಾಲಕ್ಕೆ ಠಾಣ್ಯ ಖಾಲಿ. ನಗದು ಪಾಲು ಬಾಕಿ ಬಿದ್ದರೆ ಆಳು ಹೊಲವನ್ನೇ ನಂಬುತ್ತಾನೆ, ಠಾಣ್ಯದ ಕಡೆ ತಲೆ ಹಾಕುವುದಿಲ್ಲ. 1831ರಲ್ಲಿ ಬ್ರಿಟಿಷ್ ಕಮಿಷನರ್ ಆಡಳಿತ ಬಂದ ಮೇಲೂ ಕಂದಾಚಾರ ಮುಂದುವರಿಯಿತು. 1860ರ ದಶಕದಿಂದೀಚೆಗೆ ಹೊಸ ಪೊಲೀಸ್ ಪದ್ಧತಿ ಬೇರೂರುತ್ತಾ ಹೋದಂತೆ ಇದು ಕರಗಿತು.

ಪ್ರಶ್ನೆ: ಅದೇ ಕಡತ ಕಪ್ಪಗಿನ ಬಟ್ಟೆಯಂತಿದೆ, ಅಕ್ಷರ ಮಸುಕಾಗಿವೆ. ಒರೆಸಿದರೆ ಕಾಣಿಸುತ್ತದೆಯೇ? (ನಾಗಮಂಗಲದವರೇ ಮುಂದುವರಿದು)

ಉತ್ತರ: ದಯವಿಟ್ಟು ಒರೆಸಬೇಡಿ. ಅಕ್ಷರವೇ ಹೋಗಿಬಿಡುತ್ತದೆ. ಕಡತ ಮಾಡುತ್ತಿದ್ದದ್ದು ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಪುಡಿ ಕಲಸಿ ಬಳಿದು, ಒಣಗಿಸಿ, ನಯ ಮಾಡಿ. ಅದನ್ನು ಒಂದರ ಮೇಲೊಂದು ಮಡಿಕೆ ಮಾಡಿ ಎರಡು ಕಡೆ ಹಲಗೆ ಕೊಡುತ್ತಿದ್ದರು. ಬರವಣಿಗೆ ಬಳಪದ್ದು. ಅಂದರೆ ಅಕ್ಷರ ಬಟ್ಟೆಯೊಳಗೆ ಇಳಿದಿರುವುದಿಲ್ಲ, ಮೇಲ್ಮೈಯಲ್ಲಿ ಕೂತಿರುತ್ತದೆ. ಒದ್ದೆ ಬಟ್ಟೆ ತಾಗಿದರೆ ಬಳಪ ಹೋಗುತ್ತದೆ, ಹುಣಸೆ ಅಂಟು ನೆನೆದರೆ ಮಡಿಕೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಎಣ್ಣೆ ಸವರುವುದು ಇನ್ನೂ ಕೆಟ್ಟದ್ದು. ಅದು ತಾಳೆಗರಿಗೆ ಮಾಡುವ ಉಪಚಾರ, ಕಡತಕ್ಕೆ ಅಲ್ಲ.

ಮಾಡಬೇಕಾದದ್ದು ಇಷ್ಟು. ಮೋಡವಿಲ್ಲದ ಒಣ ದಿನ ನೋಡಿ ನೆರಳಿನಲ್ಲಿ ಬಿಚ್ಚಿ. ಕಚ್ಚಿಕೊಂಡ ಮಡಿಕೆಯನ್ನು ಎಳೆಯಬೇಡಿ, ಹಾಗೇ ಬಿಡಿ. ಮೃದು ಕುಂಚದಿಂದ ಧೂಳನ್ನು ಅಂಚಿನಿಂದ ಮಾತ್ರ ತೆಗೆಯಿರಿ. ಎಡಗಡೆಯಿಂದ ಓರೆಯಾಗಿ ಬೆಳಕು ಬೀಳುವಂತೆ ಇಟ್ಟು ಮೊಬೈಲ್‌ನಲ್ಲಿ ಚಿತ್ರ ತೆಗೆಯಿರಿ, ಆಮೇಲೆ ಬಲಗಡೆಯಿಂದ ಬೆಳಕು ಕೊಟ್ಟು ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ಕಾಣದ ಗೆರೆಗಳು ಎಷ್ಟೋ ಎದ್ದು ಬರುತ್ತವೆ. ನಂತರ ಹಳೇ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಚೀಲ ಬೇಡ. ಕೆಲವು ಪುಟ ಕನ್ನಡದಂತೆ ಕಾಣದಿದ್ದರೆ ಗಾಬರಿಯಾಗಬೇಡಿ. ಆಗಿನ ಸರ್ಕಾರಿ ಲೆಕ್ಕದಲ್ಲಿ ಮೋಡಿ ಲಿಪಿಯ ಮರಾಠಿಯೂ ಬಳಕೆಯಲ್ಲಿತ್ತು. ಜಮೀನಿನ ಅಳತೆ ಖಂಡುಗ, ಕೊಳಗದಲ್ಲಿ ಬಂದರೆ 20 ಕೊಳಗಕ್ಕೆ ಒಂದು ಖಂಡುಗ ಎಂದು ಹಿಡಿಯಿರಿ. ಆದರೆ ಅದನ್ನು ಎಕರೆಗೆ ಇಳಿಸಲು ಹೋಗಬೇಡಿ, ಏಕೆಂದರೆ ಅದು ಬಿತ್ತುವ ಬೀಜದ ಲೆಕ್ಕ. ತರಿ, ಖುಷ್ಕಿ, ಊರು ಬದಲಾದಂತೆ ಅದೂ ಬದಲಾಗುತ್ತದೆ.

ಪ್ರಶ್ನೆ: ನಮ್ಮ ಊರ ಸುತ್ತ ಮಣ್ಣುಕೋಟೆಯ ಗುರುತು ಇದೆ, ಒಂದು ಬುರುಜು ಅರ್ಧ ನಿಂತಿದೆ. ಅದು ದಂಡಿನ ಠಾಣ್ಯವೋ, ಊರವರೇ ಕಳ್ಳಕಾಕರ ಭಯಕ್ಕೆ ಹಾಕಿಕೊಂಡ ಗೋಡೆಯೋ? ತಿಳಿಯುವುದು ಹೇಗೆ? (ಮಳವಳ್ಳಿ ತಾಲ್ಲೂಕು)

ಉತ್ತರ: ಗೋಡೆಯ ದಪ್ಪ ನೋಡಿ ಹೇಳುವುದು ಸುಲಭವಲ್ಲ, ಏಕೆಂದರೆ ಈಗ ಕಾಣುವ ದಪ್ಪದಲ್ಲಿ ಕುಸಿದ ಮಣ್ಣೂ ಸೇರಿರುತ್ತದೆ. ಬೇರೆ ಕಡೆಯಿಂದ ಶುರು ಮಾಡಿ.

ಮೊದಲು ನೀರು. ಕೋಟೆಯ ಒಳಗೆ ಬಾವಿ, ಕೊಳ ಅಥವಾ ಬಂಡೆಯ ದೊಣೆ ಇದೆಯೇ? ಊರಗೋಡೆಗೆ ನೀರು ಹೊರಗಿದ್ದರೂ ನಡೆಯುತ್ತದೆ. ರಾತ್ರಿ ಬಾಗಿಲು ಹಾಕಿ ಬೆಳಿಗ್ಗೆ ತೆಗೆದರಾಯಿತು. ವಾರಗಟ್ಟಲೆ ಮುತ್ತಿಗೆ ತಡೆಯಬೇಕಾದ ಠಾಣ್ಯಕ್ಕೆ ಒಳಗೇ ನೀರಿರಬೇಕು.

ಎರಡನೆಯದು ಹಗೇವು. ರಾಗಿ ಇಡುವ ಈ ನೆಲಗುಂಡಿಗಳು ಬಾಯಿ ಕಿರಿದು, ಹೊಟ್ಟೆ ಅಗಲ. ಗಟ್ಟಿ ಒಣನೆಲದಲ್ಲಿ ತೋಡಿ, ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಗಾಳಿಯಾಡದ ಹಗೇವಿನಲ್ಲಿ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ, ಭತ್ತಕ್ಕೆ ಆ ಬಾಳಿಕೆ ಇಲ್ಲ. ಮನೆಮನೆಯ ಹಗೇವು ಒಂದು ಬಗೆ. ಕೋಟೆಯ ಒಂದೇ ಎತ್ತರದ ಮೂಲೆಯಲ್ಲಿ ಸಾಲಾಗಿ ಹಲವು ಹಗೇವು ಸಿಕ್ಕರೆ ಅದು ಸರ್ಕಾರಿ ಉಗ್ರಾಣ ಇದ್ದಿರಬಹುದಾದ ಗುರುತು. ಒಂದು ಎಚ್ಚರಿಕೆ ಇದೆ. ಹಳೇ ಹಗೇವಿನ ಬಾಯಿ ತೆರೆದರೆ ಯಾರೂ ಕೂಡಲೇ ಇಳಿಯಬಾರದು. ಒಳಗೆ ಉಸಿರುಗಟ್ಟಿಸುವ ಕೆಟ್ಟಗಾಳಿ ನಿಂತಿರುತ್ತದೆ. ದೀಪ ಇಳಿಬಿಟ್ಟಾಗ ಆರಿದರೆ ಮನುಷ್ಯನ ಉಸಿರೂ ಹಾಗೇ ನಿಲ್ಲುತ್ತದೆ. ದೀಪ ಉರಿದರೂ ಅದನ್ನೇ ನಂಬಿ ಇಳಿಯಬೇಡಿ. ಅಳತೆಗೆ ಕೋಲು, ಹಗ್ಗ ಸಾಕು.

ಮೂರನೆಯದು ನೋಟ. ಬುರುಜಿನ ಮೇಲೆ ನಿಂತಾಗ ಇನ್ನೊಂದು ಠಾಣ್ಯವೋ, ಬೆಟ್ಟವೋ, ಹೊಳೆ ದಾಟುವ ಕಡವೋ, ಘಟ್ಟದ ಹಾದಿಯೋ ನೇರ ಕಾಣಬೇಕು. ಹೊಗೆ, ಬೆಂಕಿ, ಗುಂಡಿನ ಸದ್ದು ಇವೇ ಆಗಿನ ಸುದ್ದಿಯ ತಂತಿ.

ಆಮೇಲೆ ಬಾಗಿಲು. ನೇರವಾಗಿ ಒಳಗೆ ಹೋಗುವ ಬಾಗಿಲು ಊರಿನದು. ಒಳಬಂದವನು ಮಗ್ಗುಲಿಗೆ ತಿರುಗಲೇಬೇಕು, ತಿರುಗುವ ಜಾಗ ಮೇಲಿನ ಬುರುಜಿಗೆ ಒಡ್ಡಿಕೊಂಡಿರಬೇಕು ಎಂದು ಕಟ್ಟಿದ್ದರೆ ಯುದ್ಧ ಬಲ್ಲವರು ಕಟ್ಟಿಸಿದ್ದು. ಊರ ನಡುವೆ ಒಂಟಿಯಾಗಿ ನಿಂತ ದುಂಡು ಗೋಪುರ, ಅಂದರೆ ಹುಡೇವು ಮಾತ್ರ ಇದ್ದರೆ, ಅದು ಬಹುಮಟ್ಟಿಗೆ ಊರವರದ್ದೇ. ದಾಳಿ ಬಂದಾಗ ಹತ್ತಿ ಕೂರಲು, ಏಣಿ ಮೇಲೆಳೆದುಕೊಳ್ಳಲು ಅನುಕೂಲವಾಗುವಂತೆ ಅದರ ಬಾಗಿಲನ್ನು ಆಳೆತ್ತರದ ಮೇಲೆ ಇಡುತ್ತಿದ್ದರು.

ಮಣ್ಣುಕೋಟೆ ಎಂದರೆ ಬಡವರ ಕೋಟೆ ಎಂಬ ಮಾತನ್ನು ಬಿಟ್ಟುಬಿಡಬೇಕು. ಫಿರಂಗಿ ಗುಂಡು ಕಲ್ಲಿಗೆ ಬಡಿದರೆ ಕಲ್ಲು ಸಿಡಿದು ಚೂರುಗಳೇ ಒಳಗಿನವರನ್ನು ಕೊಲ್ಲುತ್ತವೆ. ಮಣ್ಣಿಗೆ ಬಡಿದರೆ ಗುಂಡು ಹೂತುಹೋಗುತ್ತದೆ. ಗೋಡೆಯನ್ನು ವರಸೆ ವರಸೆಯಾಗಿ ಏರಿಸುತ್ತಿದ್ದರು. ಕಲಸಿದ ಮಣ್ಣು ಒಂದರಿಂದ ಒಂದೂವರೆ ಅಡಿ ಹಾಕಿ, ಅದು ಒಣಗಿ ಗಟ್ಟಿಯಾದ ಮೇಲೆಯೇ ಮುಂದಿನದು. ಆತುರಕ್ಕೆ ಹಸಿಯ ಮೇಲೆ ಹಸಿ ಹಾಕಿದರೆ ಹೊಟ್ಟೆ ಉಬ್ಬಿ ಬೀಳುತ್ತದೆ. ಬುಡ ಅಗಲ, ತಲೆ ಕಿರಿದು. ಕಂದಕ ತೋಡಿದ ಮಣ್ಣೇ ಗೋಡೆಗೆ. ಇದರ ಶತ್ರು ಮಳೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ತಲೆಗೆ ಮಣ್ಣು ಮೆತ್ತಿ ಬಿರುಕು ತುಂಬದಿದ್ದರೆ ನೀರು ತಲೆಯಿಂದ ಇಳಿದು ಹೊರಮೈ ಚಕ್ಕೆ ಚಕ್ಕೆಯಾಗಿ ಕಂದಕಕ್ಕೆ ಬೀಳುತ್ತದೆ. ಕಂದಕ ತುಂಬಿ, ಗೋಡೆ ತಗ್ಗಿ, ಕೊನೆಗೆ ದನ ಹತ್ತಿ ಇಳಿಯುವ ದಿಬ್ಬ ಉಳಿಯುತ್ತದೆ. ನಮ್ಮ ಜಿಲ್ಲೆಗಳ ಎಷ್ಟೋ ಕೋಟೆಗಳನ್ನು ಯಾವ ವೈರಿಯೂ ಕೆಡವಲಿಲ್ಲ. ಮೆತ್ತುವವರಿಗೆ ಕೂಲಿ ನಿಂತುಹೋಯಿತು, ಅಷ್ಟೇ.

ಪ್ರಶ್ನೆ: 1799ರ ಯುದ್ಧದಲ್ಲಿ ಪಿರಿಯಾಪಟ್ಟಣದ ಹತ್ತಿರ ಕೊಡಗಿನ ಗಡಿಯಲ್ಲಿ ಕದನ ನಡೆಯಿತಂತೆ. ಊರಿಂದ ಇಷ್ಟು ದೂರದ ಗುಡ್ಡಕ್ಕೆ ಯಾಕೆ ಹೊಡೆದಾಡಿದರು? (ಪಿರಿಯಾಪಟ್ಟಣ)

ಉತ್ತರ: ಕಣ್ಣಿಗಾಗಿ. ಟಿಪ್ಪುವಿನ ಮೇಲೆ ಹೊರಟ ಇಂಗ್ಲಿಷ್ ಕಂಪನಿಯ ಮುಂಬೈ ಸೈನ್ಯ ಕೊಡಗಿನ ಮೂಲಕ ಬಂದಿತ್ತು, ಜನರಲ್ ಹ್ಯಾರಿಸ್‌ನ ದೊಡ್ಡ ಸೈನ್ಯ ಪೂರ್ವದಿಂದ ಬರುತ್ತಿತ್ತು. ನಡುವೆ ಕಾಡು, ಮೈಸೂರಿನ ಕುದುರೆ ದಂಡು. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಮುಟ್ಟಬೇಕಾದರೆ ಪೂರ್ವದ ಬಯಲು ಕಾಣುವ ಎತ್ತರ ಬೇಕು. ಸಿದ್ದೇಶ್ವರದ ಗುಡ್ಡ ಅಂಥದ್ದು. ಆದ್ದರಿಂದ ಸೈನ್ಯದ ಬಹುಭಾಗ ಹಿಂದೆ ಉಳಿದು ಒಂದು ತುಕಡಿಯನ್ನು ಮಾತ್ರ ಮುಂದೆ ಅಲ್ಲಿ ನಿಲ್ಲಿಸಿದರು. ಮಾರ್ಚ್ 5ರಂದು ಗುಡ್ಡದ ಮೇಲಿದ್ದವರಿಗೆ ಪಿರಿಯಾಪಟ್ಟಣದ ಕಡೆ ಡೇರೆಗಳ ಸಾಲು, ನಡುವೆ ಒಂದು ದೊಡ್ಡ ಹಸಿರು ಡೇರೆ ಕಂಡಿತು. ಟಿಪ್ಪು ಖುದ್ದಾಗಿ ಬಂದಿದ್ದರು. ಮರುದಿನ ಬೆಳಿಗ್ಗೆ ಅವರ ಪಡೆ ದಟ್ಟ ಕಾಡಿನೊಳಗಿಂದ ನುಗ್ಗಿ ಮುಂದೆಯೂ ಹಿಂದೆಯೂ ಒಟ್ಟಿಗೆ ಬಿತ್ತು. ಠಾಣ್ಯ ಸುತ್ತುವರಿಯಲ್ಪಟ್ಟರೂ ಹಿಂದಿನಿಂದ ಮುಂಬೈ ಸೈನ್ಯದ ದಳಪತಿ ಸ್ಟುವರ್ಟ್‌ನ ನೆರವು ಬರುವವರೆಗೆ ತಡೆಯಿತು, ಟಿಪ್ಪು ಹಿಂತಿರುಗಿದರು. ಮಾರ್ಚ್ 27ಕ್ಕೆ ಮಳವಳ್ಳಿಯ ಕದನ, ಮೇ 4ಕ್ಕೆ ಶ್ರೀರಂಗಪಟ್ಟಣ ಬಿದ್ದದ್ದು.

ಮುಂದಿನ ಠಾಣ್ಯಕ್ಕೆ ಎಷ್ಟು ಜನ ಎಂಬುದಕ್ಕಿಂತ ಹಿಂದಿನ ಪಡೆ ಎಷ್ಟು ಹೊತ್ತಿನ ದಾರಿಯಲ್ಲಿದೆ ಎಂಬುದು ಮುಖ್ಯ. ಸಿದ್ದೇಶ್ವರದಲ್ಲಿ ಆ ಲೆಕ್ಕ ಸರಿಯಾಗಿ ಕೂತಿತ್ತು, ಅದೂ ಅಂಚಿನಲ್ಲಿ.

ಪ್ರಶ್ನೆ: ಶ್ರೀರಂಗಪಟ್ಟಣದ ಕೋಟೆಗೆ ಹೊರಗೆ ‘ಮುಳ್ಳುಬೇಲಿ’ ಇತ್ತು ಎಂದು ಓದಿದೆ. ಬೇಲಿಯಿಂದ ಸೈನ್ಯ ತಡೆಯಲು ಸಾಧ್ಯವೇ? (ಮೈಸೂರು)

ಉತ್ತರ: ತಡೆಯಲು ಅಲ್ಲ, ನಿಧಾನ ಮಾಡಲು. ಬಿದಿರು, ಕತ್ತಾಳೆ, ಮುಳ್ಳುಗಿಡಗಳನ್ನು ದಟ್ಟವಾಗಿ ಬೆಳೆಸಿದ ಬೇಲಿಗೆ ಗುಂಡು ಹೊಡೆದು ಪ್ರಯೋಜನವಿಲ್ಲ, ಹಸಿ ಇರುವಾಗ ಬೆಂಕಿಯೂ ಹಿಡಿಯುವುದಿಲ್ಲ, ಕಡಿಯುತ್ತಲೇ ಕೂರಬೇಕು. ಕಡಿಯುವವನ ಮೇಲೆ ಬೇಲಿಯ ಒಳಗಿನ ಬತೇರಿಯಿಂದ (ಫಿರಂಗಿ ಇಟ್ಟ ದಿಬ್ಬದಿಂದ) ಗುಂಡು ಬೀಳಬೇಕು. ಬತೇರಿ ಇಲ್ಲದ ಬೇಲಿ ದನಕ್ಕೆ ಮಾತ್ರ.

1792ರ ಫೆಬ್ರವರಿ 6ರ ರಾತ್ರಿ ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ದಾಳಿ ಮಾಡಿದ್ದು ನದಿಯ ಉತ್ತರ ದಂಡೆಯ ಈ ಸಾಲಿನ ಮೇಲೆ. ಬೆಳದಿಂಗಳು, ಮೂರು ತುಕಡಿ, ಫಿರಂಗಿ ಇಲ್ಲ. ಎಡದ ತುಕಡಿ ಕರಿಘಟ್ಟ ಹಿಡಿಯಿತು. ನಡುವಿನದು ಬೇಲಿ ದಾಟಿ ನದಿಗೆ ಇಳಿಯಿತು. ಬಲದ್ದು, ಮೆಡೋಸ್‌ನ ತುಕಡಿ, ಈದ್ಗಾ ಬತೇರಿಯ ಮೇಲೆ ಹೋಗಿ ಅಲ್ಲಿ ಬಹಳ ಜನ ಕಳೆದುಕೊಂಡಿತು, ಉಳಿದ ಕೆಲಸಕ್ಕೆ ಹೊತ್ತಿಗೆ ಸಿಗಲಿಲ್ಲ. ಗಟ್ಟಿಯಾಗಿ ನಿಂತ ಒಂದೇ ಹೊರಠಾಣ್ಯ ದಾಳಿಯ ಮೂರನೇ ಒಂದು ಭಾಗವನ್ನು ಕಟ್ಟಿಹಾಕಿತು. ಆದರೂ ಉಳಿದೆರಡು ಕಡೆ ಸಾಲು ಒಡೆದದ್ದರಿಂದ ಮಾರ್ಚ್‌ನಲ್ಲಿ ಒಪ್ಪಂದವಾಯಿತು. ಟಿಪ್ಪು ಕೊಟ್ಟದ್ದು: ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಇಬ್ಬರು ಮಕ್ಕಳು ಒತ್ತೆ.

ಏಳು ವರ್ಷದ ಮೇಲೆ, 1799ರ ಏಪ್ರಿಲ್ 5ರ ರಾತ್ರಿ, ಆರ್ಥರ್ ವೆಲ್ಲೆಸ್ಲಿ ಸುಲ್ತಾನ್‌ಪೇಟೆಯ ತೋಪಿಗೆ ನುಗ್ಗಿ ದಿಕ್ಕು ತಪ್ಪಿದ. ತೋಪು, ಕಾಲುವೆ, ಕತ್ತಲೆ, ಸುತ್ತಲಿಂದ ಬಾಣ (ಮೈಸೂರಿನ ರಾಕೆಟ್). ಹಗಲಿನಲ್ಲಿ ಆ ಜಾಗವನ್ನು ಸರಿಯಾಗಿ ನೋಡಿರಲಿಲ್ಲ. ಮರುದಿನ ಬೆಳಕಿನಲ್ಲಿ ಅದೇ ತೋಪು ಸುಲಭವಾಗಿ ಸಿಕ್ಕಿತು. ಹಗಲು ನೋಡದ ಠಾಣ್ಯದ ಮೇಲೆ ರಾತ್ರಿ ಬೀಳುವುದಿಲ್ಲ ಎಂದು ಅವನು ಆಗಲೇ ನಿಶ್ಚಯ ಮಾಡಿಕೊಂಡ.

ಪ್ರಶ್ನೆ: ಅಮೃತಮಹಲ್ ಎಂದರೆ ದನದ ತಳಿ ತಾನೇ? ಸೈನ್ಯದ ಇಲಾಖೆಗಳ ಪಟ್ಟಿಯಲ್ಲಿ ಅದು ಯಾಕೆ ಬರುತ್ತದೆ? ಹುಣಸೂರಿಗೆ ಏನು ಸಂಬಂಧ? (ಹುಣಸೂರು)

ಉತ್ತರ: ನಮ್ಮ ಮಟ್ಟಿಗೆ ಈ ಸಲದ ಅತಿ ಒಳ್ಳೆಯ ಪ್ರಶ್ನೆ ಇದು. ತಳಿಗೆ ಇಲಾಖೆಯ ಹೆಸರು ಬಂದದ್ದೇ ಹೊರತು ಇಲಾಖೆಗೆ ತಳಿಯ ಹೆಸರಲ್ಲ. ಚಿಕ್ಕದೇವರಾಜರ ಹದಿನೆಂಟು ಚಾವಡಿಗಳಲ್ಲಿ ‘ಬೆಣ್ಣೆ ಚಾವಡಿ’ ಒಂದು. ಅರಮನೆಗೆ ಹಾಲು, ಬೆಣ್ಣೆ, ಜೊತೆಗೆ ದನದ ಹಿಂಡುಗಳ ಲೆಕ್ಕ ಅದರದ್ದು. ಹೈದರ್ ಆ ಹಿಂಡುಗಳ ಎತ್ತನ್ನು ದಂಡಿಗೆ ಹೂಡಿದರು. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟು, ನಿಯಮಗಳ ಹುಕುಂನಾಮೆ ಬರೆಸಿದರು.

ಎತ್ತು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮಂಡ್ಯ ಜಿಲ್ಲೆಯಲ್ಲೇ ಉದಾಹರಣೆ ಇದೆ. 1791ರ ಮೇ 15ರಂದು ಕಾರ್ನ್‌ವಾಲಿಸ್ ಅರಕೆರೆಯ ಹತ್ತಿರ ಯುದ್ಧ ಗೆದ್ದ. ಶ್ರೀರಂಗಪಟ್ಟಣ ಕಣ್ಣೆದುರಿಗಿತ್ತು. ಅರಕೆರೆಯ ಬಳಿ ಹೊಳೆ ದಾಟಲು ಆಗದೆ ಮೇಲಕ್ಕೆ ಕಣ್ಣಂಬಾಡಿಯ ಕಡವಿಗೆ ಹೋದ. ಅಷ್ಟರಲ್ಲಿ ಮಳೆ ಹಿಡಿಯಿತು, ಮೇವಿಲ್ಲ, ಎತ್ತುಗಳಿಗೆ ರೋಗ. ಮುತ್ತಿಗೆಯ ಒಂದೊಂದು ದೊಡ್ಡ ಫಿರಂಗಿಗೆ ಹತ್ತಾರು ಜೋಡಿ ಎತ್ತು ಬೇಕು. ಸಾಮಾನು ಎಳೆಯುವ ಎತ್ತು ಸತ್ತವು, ಸಿಪಾಯಿಗಳೇ ಫಿರಂಗಿ ಎಳೆದರು, ಕೊನೆಗೆ ಆ ಮುತ್ತಿಗೆ ಫಿರಂಗಿಗಳನ್ನು ತಾನೇ ಒಡೆದು ಹಾಳುಗೆಡವಿ ಬೆಂಗಳೂರಿಗೆ ಹಿಂತಿರುಗಿದ. ಮುಂಬೈ ಸೈನ್ಯದೊಂದಿಗೆ ಪಿರಿಯಾಪಟ್ಟಣದವರೆಗೆ ಬಂದಿದ್ದ ಅಬರ್‌ಕ್ರೋಂಬಿಯೂ ತನ್ನ ಫಿರಂಗಿ ಬಿಟ್ಟು ಘಟ್ಟ ಇಳಿದ. ಮೇಲುಕೋಟೆಯ ಹಾದಿಯಲ್ಲಿ ಮರಾಠರ ದಂಡು ಧಾನ್ಯದೊಂದಿಗೆ ಎದುರಾದದ್ದು ಫಿರಂಗಿ ಒಡೆದ ಮೇಲೆ. ಗೆದ್ದ ಸೈನ್ಯವನ್ನು ಹಿಂದಕ್ಕೆ ಕಳಿಸಿದ್ದು ಎತ್ತಿನ ಸಾವು.

ಇಲಾಖೆ ನಡೆಯುತ್ತಿದ್ದ ರೀತಿ ಹೀಗೆ. ಹಿಂಡುಗಳಿಗೆ ಮೀಸಲಾದ ಹುಲ್ಲುಗಾವಲು, ಅಂದರೆ ಕಾವಲುಗಳು, ರಾಜ್ಯದ ತುಂಬ ಹರಡಿದ್ದವು. ಅವುಗಳಲ್ಲಿ ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ಮೂರು ಬಗೆ. ಬೇಸಿಗೆಯ ಕಾವಲು ಎಂದರೆ ಕೆರೆಯಂಗಳದ ಹಸಿರು ಮತ್ತು ಮರದ ನೆರಳು ಇರುವಂಥದ್ದು. ಇದು ಕಡಿಮೆ, ಆದ್ದರಿಂದ ಅತಿ ಬೆಲೆಯುಳ್ಳದ್ದು. ಒಂದು ಹಿಂಡು ವರ್ಷಕ್ಕೆ ಈ ಮೂರರ ನಡುವೆ ಸುತ್ತುತ್ತಿತ್ತು. ಕರುಗಳನ್ನು ಕಟ್ಟಿ ಸಾಕುತ್ತಿರಲಿಲ್ಲ. ಅರೆಕಾಡು ದನದಂತೆ ಬೆಳೆದ ಹೋರಿಯನ್ನು ಹಿಡಿದು, ಬೀಜ ಒಡೆದು, ಪಳಗಿಸಿ ನೊಗಕ್ಕೆ ತರಲು ವರ್ಷಗಳೇ ಬೇಕು. ಏಳನೇ ವರ್ಷದಿಂದ ಹನ್ನೆರಡರವರೆಗೆ ಅದರ ಪೂರ್ಣ ಬಲ. ಅಂದರೆ ಇಂದು ಹುಟ್ಟಿದ ಕರು ಏಳು ವರ್ಷದ ಮುಂದಿನ ಯುದ್ಧಕ್ಕೆ. ಇಲಾಖೆಯನ್ನು ಒಮ್ಮೆ ಮುರಿದರೆ ಬೇಗ ಕಟ್ಟಲಾಗದು ಎಂಬುದು ಇಲ್ಲಿಯೇ ತಿಳಿಯುತ್ತದೆ.

ಆದರೂ ಮುರಿದರು. 1799ರ ನಂತರ ಹಿಂಡು ಅರಮನೆಯ ಕೈಯಲ್ಲಿ ಕ್ಷೀಣಿಸಿತು. 1813ರಲ್ಲಿ ಮದ್ರಾಸ್ ಸೈನ್ಯದ ಕಮಿಸರಿಯಟ್ (ಸರಬರಾಜು) ಇಲಾಖೆ ವಹಿಸಿಕೊಂಡು ಸುಧಾರಿಸಿತು. ಲಕ್ಷ್ಮಣತೀರ್ಥದ ದಂಡೆಯ ಹುಣಸೂರು ಅದರ ಕೇಂದ್ರವಾಯಿತು, ಅಲ್ಲೇ ಚರ್ಮ ಹದ ಮಾಡುವ, ಕಂಬಳಿ ನೇಯುವ, ಬಂಡಿ ಮಾಡುವ ಕೆಲಸವೂ ಬೆಳೆಯಿತು. 1860ರಲ್ಲಿ ಖರ್ಚು ಉಳಿಸಲೆಂದು ಹಿಂಡುಗಳನ್ನು ಮಾರಿಬಿಟ್ಟರು. ಬಂಡಿ ಎಳೆಯುವ ಎತ್ತು ಸಿಗದೆ, ಸಿಕ್ಕರೂ ಬೆಲೆ ಏರಿ, 1866ರಲ್ಲಿ ಮತ್ತೆ ಶುರು ಮಾಡಬೇಕಾಯಿತು. 1880ರ ದಶಕದಲ್ಲಿ ಮೈಸೂರು ಸರ್ಕಾರಕ್ಕೆ ಬಂತು. ಈಗ ಆ ತಳಿಯ ಕೇಂದ್ರ ಅಜ್ಜಂಪುರದಲ್ಲಿದೆ. ಕಂದಾಯ ದಾಖಲೆಯಲ್ಲಿ ‘ಅಮೃತಮಹಲ್ ಕಾವಲ್’ ಎಂಬ ಹೆಸರು ಇಂದಿಗೂ ಸಿಗುತ್ತದೆ. ನಿಮ್ಮ ತಾಲ್ಲೂಕಿನಲ್ಲಿ ಅಂಥ ಸರ್ವೆ ನಂಬರ್ ಇದ್ದರೆ ಅದು ಈ ಸರಪಳಿಯ ಒಂದು ಕೊಂಡಿ.

ಪ್ರಶ್ನೆ: ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂದು ಹೆಸರಿತ್ತಲ್ಲ, ನಿಜವಾಗಿ ಫ್ರೆಂಚರಿದ್ದರೇ? (ಪಾಂಡವಪುರ)

ಉತ್ತರ: ಇದ್ದರು. ಹೈದರ್, ಟಿಪ್ಪು ಇಬ್ಬರ ಕಾಲದಲ್ಲೂ ಅವರ ಸೇವೆಯಲ್ಲಿದ್ದ ಫ್ರೆಂಚ್ ಪಡೆಯ ಬೀಡು ಹಿರೋಡೆಯಲ್ಲಿ, ಅಂದರೆ ಈಗಿನ ಪಾಂಡವಪುರದಲ್ಲಿ, ಇತ್ತು. ಆಮೇಲೆ ಅದೇ ಜಾಗದಲ್ಲಿ ಮದ್ರಾಸ್ ಸೈನ್ಯದ ದೇಶೀ ರೆಜಿಮೆಂಟುಗಳ ಪಾಳೆಯ ಬಹುಕಾಲ ಇತ್ತು. ಶ್ರೀರಂಗಪಟ್ಟಣದ ದ್ವೀಪಕ್ಕಿಂತ ಎತ್ತರದ, ಒಣ ನೆಲ ಎಂಬುದೇ ಇದರ ಗುಣ.

ಪ್ರಶ್ನೆ: ಅಷ್ಟು ಭದ್ರ ಕೋಟೆ ಕೈಗೆ ಬಂದ ಮೇಲೂ ಇಂಗ್ಲಿಷರು ದಂಡನ್ನು ಬೆಂಗಳೂರಿಗೆ ಏಕೆ ಒಯ್ದರು? (ಶ್ರೀರಂಗಪಟ್ಟಣ)

ಉತ್ತರ: ಜ್ವರ. ದ್ವೀಪ, ಸುತ್ತ ಹೊಳೆ, ಕಾಲುವೆ, ಗದ್ದೆ. ಸೊಳ್ಳೆಯಿಂದ ಮಲೇರಿಯಾ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ, ಕೆಟ್ಟಗಾಳಿ ಎಂದೇ ನಂಬಿದ್ದರು. ಊರಿನ ಗ್ಯಾರಿಸನ್ ಸ್ಮಶಾನದಲ್ಲಿ ಡಿ ಮ್ಯೂರನ್ ರೆಜಿಮೆಂಟಿನವರ, ಅವರ ಹೆಂಡಿರು ಮಕ್ಕಳ ಗೋರಿಗಳನ್ನು ನೋಡಿದರೆ ಎಲ್ಲವೂ ಯುದ್ಧದ ಸಾವಲ್ಲ ಎಂದು ತಿಳಿಯುತ್ತದೆ. 1809ರಲ್ಲಿ ಬೆಂಗಳೂರಿನ ದಂಡು ಶುರುವಾಯಿತು.

ಅದೇ 1809ರ ಆಗಸ್ಟ್‌ನಲ್ಲಿ ಇನ್ನೊಂದು ಘಟನೆ ನಡೆಯಿತು. ಮದ್ರಾಸ್ ಸೈನ್ಯದ ಯುರೋಪಿಯನ್ ಅಧಿಕಾರಿಗಳೇ ಡೇರೆ ಗುತ್ತಿಗೆಯ ಆದಾಯ ನಿಂತದ್ದು ಮೊದಲಾದ ಕಾರಣಗಳಿಗೆ ತಮ್ಮ ಸರ್ಕಾರದ ವಿರುದ್ಧ ಎದ್ದು, ಶ್ರೀರಂಗಪಟ್ಟಣದ ಕೋಟೆಯನ್ನು ಹಿಡಿದು ಕೂತರು. ಚಿತ್ರದುರ್ಗದಿಂದ ಎರಡು ಪಟಾಲಂ ಅವರನ್ನು ಕೂಡಿಕೊಳ್ಳಲು ಹೊರಟಾಗ ಡ್ರಾಗೂನ್ ಕುದುರೆ ದಂಡು ಮತ್ತು ಮೈಸೂರಿನ ಸವಾರರು ಊರ ಹತ್ತಿರವೇ ಅವರನ್ನು ಚದುರಿಸಿದರು. ಆ ತಿಂಗಳೊಳಗೆ ಕೋಟೆಯೂ ಶರಣಾಯಿತು. ದ್ವೀಪವನ್ನು ಕಂಪನಿ ತನ್ನದಾಗಿಟ್ಟುಕೊಂಡು ಮೈಸೂರಿಗೆ ವರ್ಷಕ್ಕೆ 50 ಸಾವಿರ ರೂಪಾಯಿಗೆ ಗುತ್ತಿಗೆ ಕೊಟ್ಟಿತ್ತು. 1881ರಲ್ಲಿ ಅದು ಮೈಸೂರಿಗೆ ಮರಳಿತು, ಬದಲಿಗೆ ಬೆಂಗಳೂರಿನ ದಂಡು ಪ್ರದೇಶ ಬ್ರಿಟಿಷರ ವಶಕ್ಕೆ ಹೋಯಿತು.

ಪ್ರಶ್ನೆ: ಸಿಲೇದಾರ್ ಸವಾರರಿಗೂ ಮೈಸೂರು ಲ್ಯಾನ್ಸರ್ಸ್‌ಗೂ ಏನು ವ್ಯತ್ಯಾಸ? (ಮೈಸೂರು)

ಉತ್ತರ: ಕುದುರೆ ಯಾರದ್ದು ಎಂಬುದು. ಸಿಲೇದಾರ ಸ್ವಂತ ಕುದುರೆ, ಸ್ವಂತ ಆಯುಧ ತಂದು ಅದಕ್ಕೆ ಸೇರಿಸಿ ಸಂಬಳ ಪಡೆಯುತ್ತಾನೆ. ಇನ್ನೊಬ್ಬರ ಕುದುರೆ ಏರಿದವನು ಬಾರ್ಗೀರ. ಸರ್ಕಾರಕ್ಕೆ ಇದು ಅಗ್ಗ. ಲಾಯ, ಮೇವು, ಲಾಳ ಯಾವುದರ ಗೊಡವೆ ಇಲ್ಲ. ಆದರೆ ಕುದುರೆ ಸತ್ತರೆ ಸಿಲೇದಾರನ ಜೀವನವೇ ಹೋಯಿತು. ಹಾಗಾಗಿ ಹಾದಿ ಕಾಯಲು, ಸುದ್ದಿ ತರಲು, ಓಡುವವರನ್ನು ಅಟ್ಟಲು ಇವರಂಥವರಿಲ್ಲ. ಫಿರಂಗಿಯ ಬಾಯಿಗೆ ನುಗ್ಗು ಎಂದರೆ ಹಿಂಜರಿಕೆ ಸಹಜ. ಇಂಗ್ಲಿಷರೊಂದಿಗಿನ 1807ರ ಒಪ್ಪಂದದಂತೆ ಮೈಸೂರು 4,000 ಸವಾರರನ್ನು ಸದಾ ಸಿದ್ಧ ಇಡಬೇಕಿತ್ತು. ಅದೂ ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ (ಚಿನ್ನದ ನಾಣ್ಯ) ಪೊಗದಿಯ, ಅಂದರೆ ಕಪ್ಪದ, ಮೇಲೆ.

ಲ್ಯಾನ್ಸರ್ಸ್ 1892ರಲ್ಲಿ ಹೊಸದಾಗಿ ಕಟ್ಟಿದ ಇಂಪೀರಿಯಲ್ ಸರ್ವಿಸ್ ಪಡೆ (ಬ್ರಿಟಿಷ್ ಸಾಮ್ರಾಜ್ಯದ ಸೇವೆಗೆ ಸಂಸ್ಥಾನ ಇಟ್ಟ ಪಡೆ), ಕವಾಯತು ಕಲಿತ ಭರ್ಜಿ ಸವಾರರು. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲಿನ ಹೈಫಾದಲ್ಲಿ ಜೋಧಪುರದವರು ಊರೊಳಗೆ ನುಗ್ಗುವಾಗ ಮೈಸೂರಿನವರು ಕಾರ್ಮೆಲ್ ಬೆಟ್ಟದ ಇಳಿಜಾರು ಹತ್ತಿ ಮೇಲಿನ ಫಿರಂಗಿಗಳನ್ನು ಹಿಡಿದರು. ಇವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ.

ಪ್ರಶ್ನೆ: ಬಾವಿ ಹೂಳೆತ್ತುವಾಗ ತುಕ್ಕು ಹಿಡಿದ ಕಬ್ಬಿಣದ ಕೊಳವೆ ಸಿಕ್ಕಿದೆ, ಒಂದು ತುದಿ ಮುಚ್ಚಿದೆ, ಗೇಣುದ್ದ. ಟಿಪ್ಪುವಿನ ರಾಕೆಟ್ ಇರಬಹುದೇ? (ಮಂಡ್ಯ)

ಉತ್ತರ: ಇರಬಹುದು. ಆದ್ದರಿಂದಲೇ ಅದನ್ನು ಬಡಿಯಬೇಡಿ, ಕಾಯಿಸಬೇಡಿ, ತುಕ್ಕು ತೆಗೆಯಲು ಗ್ರೈಂಡರ್ ಹಿಡಿಯಬೇಡಿ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ಕೊಳವೆ ಸಿಕ್ಕಾಗ ಒಳಗೆ ಮದ್ದು ಉಳಿದಿತ್ತು. ಮೆದು ಕಬ್ಬಿಣದ ತಗಡನ್ನು ಬಡಿದು ಸುತ್ತಿದ ಕೊಳವೆ, ಒಂದು ತುದಿ ಮುಚ್ಚು, ಇನ್ನೊಂದರಲ್ಲಿ ಬೆಂಕಿ ಹೊರಹೋಗುವ ತೂತು, ಒಳಗೆ ಒತ್ತಿ ತುಂಬಿದ ಪೆಟ್ಲುಪ್ಪು, ಇದ್ದಿಲು, ಗಂಧಕ. ಇದನ್ನು ತೊಗಲಿನ ಪಟ್ಟಿಯಿಂದ ಉದ್ದ ಬಿದಿರಿಗೆ ಕಟ್ಟಿದರೆ ಬಾಣ ಸಿದ್ಧ. ಆಗಿನ ಯೂರೋಪಿನ ಕಾಗದದ ಕೊಳವೆ ಒಳಗಿನ ಒತ್ತಡಕ್ಕೆ ಒಡೆಯುತ್ತಿತ್ತು, ಕಬ್ಬಿಣದ್ದು ತಡೆಯುತ್ತಿತ್ತು, ಆದ್ದರಿಂದಲೇ ಹೆಚ್ಚು ದೂರ ಹೋಗುತ್ತಿತ್ತು. ಸಿಕ್ಕ ಜಾಗದಲ್ಲೇ ಬಿಟ್ಟು, ಚಿತ್ರ ತೆಗೆದು, ತಹಶೀಲ್ದಾರರಿಗೂ ಪೊಲೀಸರಿಗೂ ತಿಳಿಸಿ. ನೆಲದಡಿ ಸಿಕ್ಕ ಇಂಥ ವಸ್ತು ಕಾನೂನಿನಂತೆ ಮನೆಯಲ್ಲಿಟ್ಟುಕೊಳ್ಳುವಂಥದ್ದಲ್ಲ.

ಪ್ರಶ್ನೆ: ನಮ್ಮ ಯುವಕ ಸಂಘದವರು ಊರ ಕಲ್ಲುಕೋಟೆಯ ಗೋಡೆಯಲ್ಲಿ ಬೆಳೆದ ಅರಳಿ, ಅತ್ತಿ ಗಿಡ ಕೀಳಬೇಕೆಂದಿದ್ದೇವೆ. ಹೇಗೆ ಮಾಡುವುದು? (ಕೃಷ್ಣರಾಜಪೇಟೆ)

ಉತ್ತರ: ಮೊದಲು ಅದು ಕೇಂದ್ರ ಪುರಾತತ್ವ ಇಲಾಖೆಯದ್ದೋ, ರಾಜ್ಯದ್ದೋ, ಯಾರದ್ದೂ ಅಲ್ಲವೋ ವಿಚಾರಿಸಿ. ಕೇಂದ್ರದ ಸಂರಕ್ಷಿತ ಸ್ಮಾರಕವಾದರೆ ಗೋಡೆಗೆ ಕೈ ಹಾಕುವ ಹಕ್ಕು ಇಲಾಖೆಗೆ ಮಾತ್ರ. ಸುತ್ತ 100 ಮೀಟರು ನಿಷೇಧಿತ, ಅದರಾಚೆ 200 ಮೀಟರು ನಿಯಂತ್ರಿತ ಪ್ರದೇಶ. ಒಪ್ಪಿಗೆ ಸಿಕ್ಕರೂ ನಿಮ್ಮ ಪಾಲಿಗೆ ಕಸ, ಹುಲ್ಲು ತೆಗೆಯುವಷ್ಟು ಕೆಲಸ ಕೇಳಿಕೊಳ್ಳಿ.

ಸಂರಕ್ಷಣೆಯ ಪಟ್ಟಿಯಲ್ಲಿ ಇಲ್ಲದ್ದಾದರೆ ಪಂಚಾಯಿತಿಯ ಲಿಖಿತ ಒಪ್ಪಿಗೆ ಪಡೆದು ಹೀಗೆ ಮಾಡಿ. ಬೆರಳಿಗಿಂತ ಸಣ್ಣ ಸಸಿಯನ್ನು ಮಳೆ ಬಂದ ಮರುದಿನ ಬೇರುಸಮೇತ ಕೈಯಲ್ಲೇ ಬಿಡಿಸಿ. ಅದಕ್ಕಿಂತ ದಪ್ಪದ್ದನ್ನು ಕೀಳಲೇಬೇಡಿ. ಬೇರು ಕಲ್ಲಿನ ಹಿಂದೆ ಹೋಗಿ ಗೋಡೆಯ ಒಳತುಂಬನ್ನೇ ಹಿಡಿದುಕೊಂಡಿರುತ್ತದೆ, ಎಳೆದರೆ ಕಲ್ಲೂ ಬರುತ್ತದೆ. ಗೋಡೆಗೆ ಒಂದು ಗೇಣು ಬಿಟ್ಟು ಗರಗಸದಲ್ಲಿ ಕತ್ತರಿಸಿ, ಮಚ್ಚಿನಿಂದ ಕಡಿದರೆ ಪೆಟ್ಟಿಗೆ ಸಂದು ಸಡಿಲವಾಗುತ್ತದೆ. ಚಿಗುರು ಬಂದಂತೆಲ್ಲ ಮುರಿಯುತ್ತಿದ್ದರೆ ಬುಡ ಸೊರಗುತ್ತದೆ, ಆದರೆ ಇದು ಒಂದು ದಿನದ ಶ್ರಮದಾನದಲ್ಲಿ ಮುಗಿಯುವುದಿಲ್ಲ, ಎರಡು ಮೂರು ವರ್ಷ ಬೆನ್ನು ಹತ್ತಬೇಕು. ಆಸಿಡ್, ಸೀಮೆಎಣ್ಣೆ ಸುರಿಯಬೇಡಿ.

ಬೇರು ಸತ್ತು ಒಣಗಿದ ಮೇಲೆ ಸಂದು ತುಂಬಬೇಕು. ಸಿಮೆಂಟ್ ಬೇಡವೇ ಬೇಡ. ಅದು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ, ಮೇಲಿನಿಂದ ಇಳಿದ ನೀರಿಗೆ ಹೊರಹೋಗಲು ದಾರಿ ಇರುವುದಿಲ್ಲ, ಹಿಂದೆ ನಿಂತ ನೀರು ಕೆಲವು ಮಳೆಗಾಲದಲ್ಲಿ ಗೋಡೆಯನ್ನೇ ಮುಂದಕ್ಕೆ ತಳ್ಳುತ್ತದೆ. ಚೆನ್ನಾಗಿ ಅರಳಿ ಹಳತಾದ ಸುಣ್ಣ ಒಂದು ಪಾಲು, ಜರಡಿ ಹಿಡಿದ ಮರಳು ಮತ್ತು ಇಟ್ಟಿಗೆ ಪುಡಿ ಸೇರಿ ಮೂರು ಪಾಲು, ನೀರು ಆದಷ್ಟು ಕಡಿಮೆ. ಸಂದಿನ ಮಣ್ಣು ಕೆದಕಿ, ನೀರು ಚಿಮುಕಿಸಿ, ಗಾರೆಯನ್ನು ಒಳಗೆ ಒತ್ತಿ ಒತ್ತಿ ತುಂಬಿ. ಮಳೆಗಾಲ ಮುಗಿದ ಮೇಲೆ, ಬಿಸಿಲು ಏರುವ ಮೊದಲು ಕೆಲಸ ಹಿಡಿದರೆ ಒಳ್ಳೆಯದು. ತುಂಬಿದ ಜಾಗಕ್ಕೆ ಒದ್ದೆ ಗೋಣಿ ತೂಗುಹಾಕಿ ಏಳೆಂಟು ದಿನ ಒಣಗದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಗಾರೆ ಪುಡಿಯಾಗಿ ಉದುರುತ್ತದೆ.